ಕೊಟ್ರಮ್ಮನವರ ಬಿಳಿಗೋಡೆ

ಜಲವರ್ಣ ಎಂದು ಹೆಸರಿಟ್ಟವರು ಯಾರೋ ತಂಪು ಊರಿನವರಿರಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಕುಂಚವನ್ನು ನೀರಿಗೆ ಅದ್ದಿ, ಬಣ್ಣಕ್ಕೆ ಮುಟ್ಟಿಸಿ, ಕಾಗದದ ಹತ್ತಿರ ಒಯ್ಯುವಷ್ಟರಲ್ಲಿ ಜಲ ಆರಿಹೋಗಿ ವರ್ಣ ಮಾತ್ರ ಉಳಿದಿರುತ್ತದೆ. ಆಕಾಶ ಬರೆಯಲು ಕೂತರೆ ಎಡಗಡೆಯ ಆಕಾಶ ಪೂರ್ತಿ ಒಣಗಿದ ಮೇಲೆ ಬಲಗಡೆಯ ಆಕಾಶ ಶುರುವಾಗುತ್ತದೆ. ನಡುವೆ ಒಂದು ಗೆರೆ, ಎರಡು ಧೋತರ ಸೇರಿಸಿ ಹೊಲಿದ ಹಾಗೆ. ಹೀಗಿದ್ದೂ ನಾನು ಈ ಹವ್ಯಾಸ ಬಿಟ್ಟವನಲ್ಲ. ಬೇರೆಯವರಿಗೆ ನಶ್ಯ, ಎಲೆಯಡಿಕೆ, ಇಸ್ಪೀಟು ಇದ್ದಂತೆ ನನಗೆ ಇದು. ಅವರ ಚಟಗಳಿಂದ ಮನೆಯವರಿಗೆ ಏನೇನು ತಾಪತ್ರಯ ಎಂಬುದು ಎಲ್ಲರಿಗೂ ಗೊತ್ತು. ಬಣ್ಣದ ಡಬ್ಬಿಯೊಂದರಿಂದ ಮನೆಯಲ್ಲಿ ಬೇಳೆ ಬೇಯದೆ ಹೋದೀತು ಎಂದು ಮಾತ್ರ ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸತ್ಯನಾರಾಯಣಪೇಟೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ. ಚಿತ್ರ ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ನನ್ನ ಚಿತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ರಜೆ ಸಿಕ್ಕರೆ ಬಸ್ಸು ಹತ್ತಿ ಕುರುಗೋಡಿಗೆ ಹೋಗುತ್ತಿದ್ದೆ. ಅಲ್ಲಿನ ಗುಡ್ಡಗಳೆಂದರೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು. ಬೆಳಗಿನ ಬಿಸಿಲಿಗೆ ಅವಕ್ಕೆ ಕೆಂಪು ಬೆರೆತ ಒಂದು ನೇರಳೆ ಬಣ್ಣ ಬರುತ್ತದೆ. ಒಮ್ಮೆ ಬಸವೇಶ್ವರ ಗುಡಿಯ ಹತ್ತಿರ ನೆರಳು ಹಿಡಿದು ಕೂತು ಆ ಬಂಡೆಗಳನ್ನು ಮೈಮರೆತು ಬರೆಯುತ್ತಿದ್ದೆ. ಮಾರ್ಕೆಟ್ಟಿಗೆ ಬಂದಿದ್ದ ರೈತರೊಬ್ಬರು ಬಹಳ ಹೊತ್ತು ಹಿಂದೆ ನಿಂತು ನೋಡಿ, ಬದನೆಕಾಯಿ ಚೆಂದ ಬಂದಾವ, ಯಾವ ಊರಿನ ತಳಿ ಎಂದು ವಿಚಾರಿಸಿದರು. ಪಕ್ಕದ ಚಹಾದಂಗಡಿಯ ತೆಲುಗು ಯಜಮಾನರು ಮಾತ್ರ ಚಿತ್ರವನ್ನು ಕೈಗೆ ತೆಗೆದುಕೊಂಡು ‘ಬಾಗುಂದಿ’, ಚೆನ್ನಾಗಿದೆ, ಎಂದು ತಲೆಯಾಡಿಸಿದರು. ಅವರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು ಎಂಬುದನ್ನು ನಾನು ಅವರಿಗೂ ಹೇಳಲಿಲ್ಲ, ಮನೆಗೆ ಬಂದು ನನ್ನ ಹೆಂಡತಿ ಪಾರ್ವತಿಗೂ ಹೇಳಲಿಲ್ಲ.

ಪಾರ್ವತಿಗೆ ಈ ಹವ್ಯಾಸದ ಬಗ್ಗೆ ದೊಡ್ಡ ದೂರೇನೂ ಇರಲಿಲ್ಲ. ಕುಂಚ ತೊಳೆಯಲು ಅಡುಗೆಮನೆಯ ಲೋಟ ಮುಟ್ಟಬಾರದು ಎಂಬುದೊಂದೇ ಅವಳ ಷರತ್ತು. ಗಂಡ ಹೊರಗೆ ಹೋಗಿ ಹಾಳಾಗುವುದಕ್ಕಿಂತ ಕಟ್ಟೆಯ ಮೇಲೆ ಕೂತು ಕಾಗದ ಹಾಳು ಮಾಡುವುದು ವಾಸಿ ಎಂದು ತವರಿನವರ ಮುಂದೆ ಹೇಳಿದ್ದಳಂತೆ. ಅದನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ.

ನಮ್ಮ ಎದುರುಮನೆ ಕೊಟ್ರಮ್ಮನವರದು. ಗಂಡ ತೀರಿಕೊಂಡ ಮೇಲೆ ಮನೆಯನ್ನೂ ಓಣಿಯನ್ನೂ ಒಟ್ಟಿಗೆ ನಡೆಸುತ್ತಿದ್ದ ಹೆಂಗಸು. ಓಣಿಯ ಬಾವಿಗಳೆಲ್ಲ ಸವಳು. ಅವರ ಹಿತ್ತಿಲ ಬಾವಿಯೊಂದೇ ಸಿಹಿನೀರಿನದು. ನಲ್ಲಿಯಲ್ಲಿ ನೀರು ಬರುವುದಕ್ಕಿಂತ ನೀರು ಬಂತೆಂಬ ಸುದ್ದಿಯೇ ಹೆಚ್ಚು ಬರುತ್ತಿದ್ದ ಕಾಲ. ಸವಳು ನೀರಿನಲ್ಲಿ ಬಟ್ಟೆ ಒಗೆಯಬಹುದು, ಮೈ ತೊಳೆಯಬಹುದು, ಬೇಳೆ ಮಾತ್ರ ಬೇಯಿಸಲಾಗದು. ಎಷ್ಟು ಕುದಿಸಿದರೂ ಅದು ತಟ್ಟೆಯಲ್ಲಿ ಕಲ್ಲಿನಂತೆ ಸದ್ದು ಮಾಡುತ್ತದೆ. ಹಾಗಾಗಿ ದಿನವೂ ಬೆಳಿಗ್ಗೆ ಪಾರ್ವತಿ ಕೊಡ ಹಿಡಿದು ಕೊಟ್ರಮ್ಮನವರ ಹಿತ್ತಿಲಿಗೆ ಹೋಗುತ್ತಿದ್ದಳು, ನೀರಿನ ಜೊತೆಗೆ ಓಣಿಯ ಸಮಾಚಾರವನ್ನೂ ತುಂಬಿಕೊಂಡು ಬರುತ್ತಿದ್ದಳು.

ಕೊಟ್ರಮ್ಮನವರ ಒಬ್ಬಳೇ ಮಗಳು ಶಾಂತಾಳನ್ನು ಸಿರುಗುಪ್ಪದ ಕಡೆ ದೇಶನೂರಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿಯಾದಳು. ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆಂದು ಕೊಟ್ರಮ್ಮನವರು ಮನೆಗೆಲ್ಲ ಸುಣ್ಣ ಹೊಡೆಸಿದರು. ಸುಣ್ಣಕ್ಕೆ ಒಂಚೂರು ನೀಲಿ ಬೆರೆಸಿದ್ದರಿಂದ ಮನೆ ಬಿಸಿಲಿಗೆ ಕಣ್ಣು ಕೋರೈಸುವಷ್ಟು ಬೆಳ್ಳಗಾಯಿತು. ಅದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಭಾನುವಾರ ಕಟ್ಟೆಯ ಮೇಲೆ ಕೂತು ಇಡೀ ಓಣಿಯನ್ನು ಬರೆದೆ. ಪಕ್ಕದ ಮನೆಯ ಹಳದಿ, ಅದರಾಚೆಯ ಮಣ್ಣುಗೋಡೆಯ ಕೆಂಪು, ಬೇವಿನ ಮರದ ಹಸಿರು, ಎಲ್ಲ ಹಚ್ಚಿದೆ. ಜಲವರ್ಣದಲ್ಲಿ ಬಿಳಿಗೆ ಬಣ್ಣ ಹಚ್ಚುವುದಿಲ್ಲ. ಕಾಗದದ ಬಿಳುಪನ್ನೇ ಹಾಗೇ ಬಿಡುತ್ತಾರೆ. ನಾನೂ ಕೊಟ್ರಮ್ಮನವರ ಮನೆಗೆ ಬಾಗಿಲು, ಕಿಟಕಿ ಬರೆದು ಉಳಿದದ್ದನ್ನು ಖಾಲಿ ಬಿಟ್ಟೆ. ಬಿಸಿಲೇ ಕಾಗದದ ಮೇಲೆ ಬಿದ್ದಂತಿತ್ತು. ನನಗೇ ನಂಬಿಕೆಯಾಗಲಿಲ್ಲ.

ಸಂತೋಷ ತಡೆಯಲಾರದೆ ಚಿತ್ರವನ್ನು ಕೊಟ್ರಮ್ಮನವರಿಗೆ ತೋರಿಸಲು ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಮನೆಯನ್ನು ಗುರುತಿಸಿದರು. ತಮ್ಮ ಮನೆಯ ಹತ್ತಿರ ಬಂದಾಗ ಅವರ ಬೆರಳು ನಿಂತಿತು.

“ಎಲ್ಲಾರ ಮನಿಗೂ ಬಣ್ಣ ಹಚ್ಚೀರಿ ಮೇಷ್ಟ್ರೇ,” ಎಂದರು. “ನಮ್ಮನಿಗೆ ಬರೋದ್ರಾಗ ಬಣ್ಣ ತೀರಿತೇನು?”

ನಾನು ಮೇಷ್ಟ್ರಾದದ್ದು ಇಲ್ಲಿ ನನಗೆ ಮುಳುವಾಯಿತು. ಕಾಗದದ ಬಿಳುಪು, ಅದರ ಮೇಲೆ ಬೀಳುವ ಬೆಳಕು, ಬಣ್ಣ ಹಚ್ಚದಿರುವುದೂ ಒಂದು ಕಲೆ ಎಂಬುದನ್ನೆಲ್ಲ ತರಗತಿಯಲ್ಲಿ ಪ್ರಮೇಯ ಸಾಧಿಸುವಂತೆ ಸಾಧಿಸಿದೆ. ಅವರು ಕೊನೆಯವರೆಗೂ ಕೇಳಿ, ಸುಣ್ಣ ಬಳಿದವನೂ ಹೀಗೆಯೇ ಗೋಡೆ ಖಾಲಿ ಬಿಟ್ಟಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕಿತ್ತೇನು ಎಂದು ಪ್ರಶ್ನಿಸಿ ಒಳಗೆ ಹೋದರು. ಸರಿಪಡಿಸೋಣವೆಂದು ನಾನು ಮನೆಗೆ ಬಂದು ಆ ಗೋಡೆಗೆ ತೆಳ್ಳಗೆ ಒಂದು ನೀಲಿ ನೆರಳು ಹಾಕಿ ಮತ್ತೆ ಒಯ್ದೆ. ಈಗ ಗೋಡೆಗೆ ನೀರು ಇಳಿದಂತೆ ಕಾಣುತ್ತದೆ, ನಮ್ಮ ಮಾಳಿಗೆ ಸೋರುವುದಿಲ್ಲ ಎಂದರು. ಒದ್ದೆ ಬಟ್ಟೆಯಿಂದ ಆ ನೀಲಿಯನ್ನು ಒತ್ತಿ ತೆಗೆದೆ.

ಮರುದಿನ ಪಾರ್ವತಿ ಖಾಲಿ ಕೊಡದೊಂದಿಗೆ ಬಂದಳು. ಬಾವಿಯ ಹಗ್ಗ ಹರಿದಿದೆಯಂತೆ. ಅದರ ಮರುದಿನವೂ ಹರಿದಿತ್ತು. ಉಳಿದ ಮನೆಯವರೆಲ್ಲ ಆ ಹರಿದ ಹಗ್ಗದಿಂದಲೇ ನೀರು ಸೇದಿಕೊಂಡು ಹೋಗುತ್ತಿದ್ದರು. ಕೊಟ್ರಮ್ಮನವರು ನೀರು ಇಲ್ಲ ಎಂದು ಬಾಯಿಬಿಟ್ಟು ಹೇಳುವವರಲ್ಲ, ಅಷ್ಟು ದೊಡ್ಡ ಮನುಷ್ಯರು. ಪಾರ್ವತಿ ಎರಡು ಓಣಿ ದಾಟಿ ಕುಡಿಯಲು ಸಾಲುವಷ್ಟು ಸಿಹಿನೀರು ತರತೊಡಗಿದಳು; ಬೇಳೆಗೆ ಸವಳೇ ಗತಿಯಾಯಿತು. ಬಿಸಿಲಿಗೆ ಅವಳ ಮುಖ ಕೆಂಪಾಗಿರುತ್ತಿತ್ತು. ನಾನು ಹೋಗುತ್ತೇನೆಂದರೆ, ನೀವು ಕೊಡ ಹೊತ್ತು ಹೊರಟರೆ ಓಣಿಗೆಲ್ಲ ಸುದ್ದಿಯಾಗುತ್ತದೆ, ಬೇಡ ಎನ್ನುತ್ತಿದ್ದಳು. ನನಗೆ ನೀರಿಗಿಂತ ಇನ್ನೊಂದು ಸಂಗತಿ ಹೆಚ್ಚು ಚುಚ್ಚುತ್ತಿತ್ತು. ದಿನಾ ಬೆಳಿಗ್ಗೆ ಆ ಹಿತ್ತಿಲಲ್ಲಿ ನಡೆಯುತ್ತಿದ್ದ ಇಬ್ಬರು ಹೆಂಗಸರ ಮಾತು, ನಗು, ನನ್ನ ಒಂದು ಕಾಗದದಿಂದ ನಿಂತುಹೋಗಿತ್ತು.

ಅತ್ತ ಹೋಗಲಿ, ಚಿತ್ರದ ಆ ಗೋಡೆಗೆ ಒಂದಿಷ್ಟು ಹಳದಿಯೋ ಗುಲಾಬಿಯೋ ಬಳಿದು ಬಿಡಿ ಎಂದು ಪಾರ್ವತಿ ಸಲಹೆ ಕೊಟ್ಟಳು. ಬಿಳಿಯ ಮನೆಗೆ ಹಳದಿ ಹಚ್ಚುವುದು ಚಿತ್ರಕಲೆಯ ತತ್ವಕ್ಕೇ ವಿರುದ್ಧ ಎಂದೆ.

“ತತ್ವದಾಗ ಬ್ಯಾಳಿ ಬೇಯ್ತಾವೇನ್ರಿ?” ಎಂದು ಕೇಳಿದಳು.

ಆ ರಾತ್ರಿಯ ಊಟದಲ್ಲಿ ಬೇಳೆಯೂ ಅವಳ ಪರವಾಗಿಯೇ ಇತ್ತು.

ಶಾಂತಾಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತರುವ ದಿನ ಬಂತು. ಮುನಿಸಿಗಿಂತ ಮೊದಲೇ ನಮಗೆ ಕರೆ ಕೊಟ್ಟಿದ್ದರು. ಹೋಗದಿದ್ದರೆ ಮುನಿಸಿಗೆ ಮುದ್ರೆ ಒತ್ತಿದಂತೆ ಎಂದು ಪಾರ್ವತಿ ಹೊರಟಳು, ನನ್ನನ್ನೂ ಹೊರಡಿಸಿದಳು. ಸಿರುಗುಪ್ಪದ ಬಸ್ಸಿನಲ್ಲಿ ಕೊಟ್ರಮ್ಮನವರು ಮುಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತರು, ನಾವು ಹಿಂದೆ. ಊರು ಮುಟ್ಟುವವರೆಗೂ ನಾನು ಅವರ ತುರುಬನ್ನು ನೋಡಿದೆ. ಅದೂ ಬಿಳಿಯೇ.

ದೇಶನೂರಿನಲ್ಲಿ ಕಾರ್ಯ ಚೆನ್ನಾಗಿ ನಡೆಯಿತು. ಹೋಳಿಗೆ ಊಟವಾದ ಮೇಲೆ ಗಂಡಸರೆಲ್ಲ ಪಡಸಾಲೆಯಲ್ಲಿ ಅಡ್ಡಾದರು. ನನಗೆ ನಿದ್ದೆ ಬರಲಿಲ್ಲ. ಚೀಲದಲ್ಲಿ ಡಬ್ಬಿ ಇದ್ದೇ ಇತ್ತು; ಪಾರ್ವತಿಯ ಕಣ್ಣು ತಪ್ಪಿಸಿ ಕಾಲುವೆಯ ದಂಡೆಗೆ ಹೋದೆ. ಬಳ್ಳಾರಿಯ ಬಂಡೆ ನೋಡಿದ ಕಣ್ಣಿಗೆ ಆ ಭತ್ತದ ಗದ್ದೆಯ ಹಸಿರು ತಡೆಯಲಾರದಷ್ಟಿತ್ತು. ಅದರ ನಡುವೆ ಬೆಳ್ಳಕ್ಕಿಗಳು, ಒಂಟಿಕಾಲಿನಲ್ಲಿ ನಿಂತಿದ್ದವು. ಬೇಕಾದಷ್ಟು ನೀರು, ಹದವಾದ ಗಾಳಿ. ಬಣ್ಣ ಒಣಗಲು ಅವಸರ ಮಾಡಲಿಲ್ಲ. ಜಲವರ್ಣ ಎಂಬ ಹೆಸರಿಗೆ ಅರ್ಥವಿದೆ ಎಂದು ಮೊದಲ ಸಲ ಅನಿಸಿತು. ಹಕ್ಕಿಗಳ ಆಕಾರವನ್ನು ಬಿಟ್ಟು ಸುತ್ತಲೂ ಹಸಿರು ತುಂಬುತ್ತ ಹೋದೆ. ಅಷ್ಟರಲ್ಲಿ ಹಿಂದೆ ಬಳೆ ಸದ್ದಾದಂತಾಯಿತು. ಪಾರ್ವತಿಯೇ ಇರಬೇಕೆಂದು ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಅವಳ ಜೊತೆ ಕೊಟ್ರಮ್ಮನವರೂ ನಿಂತಿದ್ದಾರೆ. ಬಸ್ಸಿನ ಹೊತ್ತಾಯಿತೆಂದು ಕರೆಯಲು ಬಂದವರು ಕರೆಯುವುದನ್ನು ಮರೆತಿದ್ದರು.

ನಾನು ಏನು ಮಾತಾಡಿದರೂ ಪಾಠವಾಗುತ್ತದೆಂದು ಹೆದರಿ ಸುಮ್ಮನೆ ಕೆಲಸ ಮುಂದುವರಿಸಿದೆ. ಕೊನೆಯ ಹಸಿರು ಹಚ್ಚಿದಾಗ ಕಾಗದದ ಮೇಲೆ ಬೆಳ್ಳಕ್ಕಿಗಳು ಎದ್ದು ನಿಂತವು.

“ಹಕ್ಕಿ ಯಾವಾಗ ಬರದ್ರಿ?” ಎಂದರು ಕೊಟ್ರಮ್ಮನವರು. “ನಾ ನೋಡಾಕತ್ತೀನಿ, ಬರೇ ಹಸರ ಹಚ್ಚಿದ್ರಿ.”

“ಬರದಿಲ್ರಿ ಅಮ್ಮಾರೇ. ಬಿಟ್ಟೀನಿ.”

ಅವರು ಗದ್ದೆಯ ಹಕ್ಕಿಗಳನ್ನು ನೋಡಿದರು, ಕಾಗದವನ್ನು ನೋಡಿದರು.

“ನಮ್ಮನೀನೂ ಹಿಂಗ ಬಿಟ್ಟಿದ್ರೇನು?”

ಹೌದೆಂದು ತಲೆಯಾಡಿಸಿದೆ.

“ಅವತ್ತು ಇಷ್ಟ ಹೇಳಿದ್ರ ಆಗ್ತಿತ್ತಲ್ರಿ. ಅದೇನೇನೋ ಸಾಲಿ ಪಾಠ ಹೇಳಿದ್ರಿ,” ಎಂದರು. ಆಮೇಲೆ ಪಾರ್ವತಿಯ ಕಡೆ ತಿರುಗಿ, ನಾಳೆ ಕೊಡ ತಗೊಂಡು ಬಾ, ಹಗ್ಗ ಹೊಸದು ಹಾಕಿಸೀನಿ ಎಂದರು. ಪಾರ್ವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಅಷ್ಟೇನೂ ಇರಲಿಲ್ಲ.

ಬರುವಾಗ ಬಸ್ಸಿನಲ್ಲಿ ಆ ಇಬ್ಬರೂ ಶಾಂತಾಳನ್ನು ನಡುವೆ ಕೂರಿಸಿಕೊಂಡು ಬಳ್ಳಾರಿಯವರೆಗೂ ಮಾತಾಡಿದರು. ಬಾಕಿ ಉಳಿದದ್ದನ್ನೆಲ್ಲ ಒಂದೇ ಪ್ರಯಾಣದಲ್ಲಿ ಮುಗಿಸುವ ಉತ್ಸಾಹ. ನನಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಬಂದೆ, ಆದರೂ ಅಷ್ಟು ಹಾಯಾಗಿ ನಾನು ಯಾವ ಬಸ್ಸಿನಲ್ಲೂ ಬಂದದ್ದಿಲ್ಲ.

ಓಣಿಯ ಚಿತ್ರವನ್ನು ಕೊಟ್ರಮ್ಮನವರೇ ಕೇಳಿ ಪಡೆದರು. ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ದೇವರ ಪಟಗಳ ಪಕ್ಕಕ್ಕೆ ತೂಗುಹಾಕಿದರು. ಬಂದವರಿಗೆಲ್ಲ ತಮ್ಮ ಮನೆಗೆ ಬಣ್ಣ ಯಾಕಿಲ್ಲ ಎಂಬುದನ್ನು ಅವರು ವಿವರಿಸುವುದು ಎದುರಿನ ಕಟ್ಟೆಯ ಮೇಲೆ ಕೂತ ನನಗೂ ಕೇಳಿಸುತ್ತಿತ್ತು. ನನಗಿಂತ ಚೆನ್ನಾಗಿಯೇ ವಿವರಿಸುತ್ತಿದ್ದರು.

ಶಾಂತಾಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ದೇಶನೂರಿನಿಂದ ಅವಳ ಮಾವ ಬಂದರು. ನಿಧಾನದ, ತೂಕದ ಮಾತಿನ ಹಿರಿಯರು. ಊಟಕ್ಕೆ ಇನ್ನೂ ಹೊತ್ತಿತ್ತು. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಎದ್ದು ಚಿತ್ರದ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಾನು ಕೂತಲ್ಲೇ ಅಂಗಿಯ ಕಾಲರ್ ಸರಿಮಾಡಿಕೊಂಡೆ.

“ಈ ಬಿಳಿ ಮನಿ ಬರದವ್ರ ಕೈ ಭಾಳ ಚಲೋ ಐತ್ರಿ,” ಎಂದರು. “ಉಳಿದಿದ್ದು ಯಾರೋ ಹೊಸದಾಗಿ ಕಲಿಯೋರು ತುಂಬ್ಯಾರ ಅನಸ್ತೈತಿ. ಯಾರ್ರೀ ಇದನ್ನ ಬರದಿದ್ದು?”

ಅಡುಗೆಮನೆಯ ಬಾಗಿಲಲ್ಲಿ ಪಾರ್ವತಿ ನಿಂತಿದ್ದಾಳೆಂದು ಗೊತ್ತಿತ್ತು. ಆ ಕಡೆ ನೋಡುವ ಧೈರ್ಯವಾಗಲಿಲ್ಲ.

“ಇಬ್ಬರು ಸೇರಿ ಬರದಿದ್ದು ರೀ,” ಎಂದೆ. “ಬಿಳಿ ಮನಿ ಅಷ್ಟ ನಂದು.”