ಒಂದು ಚಕ್ಕಡಿ ಓಟು

ಓಟಿನ ಗಾಳಿ ಬೀಸಿತೆಂದರೆ ನಮ್ಮ ಹಾವೇರಿ ಸೀಮೆಯಲ್ಲಿ ಶಾಣ್ಯಾರೂ ಒಂದೊಂದು ಹುಚ್ಚುತನ ಮಾಡದೆ ಬಿಡುವುದಿಲ್ಲ. ಈಗೇನೋ ಎಲ್ಲರಿಗೂ ಓಟು ಬಂದಿದೆ. ಆಗ ಇಂಗ್ರೇಜರ ಕಾಲ. ಹೊಲದ ಕಂದಾಯ ಕಟ್ಟುವವರು, ಸಾಲಿ ಕಲಿತವರು, ಇಂಥವರಿಗಷ್ಟೇ ಓಟು. ನಾನು ಮೂರನೇ ಇಯತ್ತೆಗೇ ಪಾಟಿ ಬಿಸಾಕಿ ಊರೂರು ತಿರುಗಿದವನು. ಆದರೂ ಧಾರವಾಡದ ವಕೀಲರೊಬ್ಬರು ನಮ್ಮ ಕಡೆಯಿಂದ ಮುಂಬಯಿ ಅಸೆಂಬ್ಲಿಗೆ ಎರಡು ಸಲ ನಿಂತಾಗ ಎರಡು ಸಲವೂ ಅವರ ಎತ್ತಿನ ಚಕ್ಕಡಿ ಹೊಡೆದವನು ನಾನೇ. ಓಟಿಲ್ಲದವನು ಓಟಿದ್ದವರನ್ನು ಕೂಡಿಸಿಕೊಂಡು ತರುವ ಕೆಲಸ.

ಆ ಕೆಲಸ ಹಿಡಿಯಲು ಇನ್ನೊಂದು ಕಾರಣವಿತ್ತು. ಕರ್ಜಗಿಯೂ ಅದೇ ಮತಕ್ಷೇತ್ರದಲ್ಲಿತ್ತು, ಕರ್ಜಗಿಯಲ್ಲಿ ನನ್ನ ಹೆಂಡತಿ ಇದ್ದಳು.

ಬ್ಯಾಡಗಿಯ ಕಣ್ಣೀರು

ಮೊದಲನೇ ಸಲ ವಕೀಲರ ಭಾಷಣ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೇ ಆಗಬೇಕೆಂದು ಯಾರೋ ಸಲಹೆ ಕೊಟ್ಟರು. ಸುಗ್ಗಿಯ ದಿನ, ಜನರೇನೋ ಭರ್ತಿ ಇದ್ದರು. ವಕೀಲರು ಚೀಲಗಳ ರಾಶಿಯ ಮೇಲೆ ನಿಂತು ನಾಡಿನ ಬಡತನದ ಮಾತು ತೆಗೆಯುವುದಕ್ಕೂ ಕೆಳಗೆ ಹಮಾಲರು ಕಾಯಿ ಸುರುವುವುದಕ್ಕೂ ಸರಿಹೋಯಿತು. ಘಾಟು ಮೂಗಿಗೆ ಬಡಿಯಿತು. ಪೇಟೆಯ ಮಂದಿಗೆ ಅದು ರೂಢಿ. ಯಾರ ಕಣ್ಣೂ ಒದ್ದೆಯಾಗಲಿಲ್ಲ. ವಕೀಲರು ಮಾತ್ರ ಬಿಕ್ಕಿ ಬಿಕ್ಕಿ ಅಳತೊಡಗಿದರು. ತೊಟ್ಟು ಬಿಡಿಸುತ್ತಿದ್ದ ಮುದುಕಿಯೊಬ್ಬಳು ಕರುಳು ಚುರ್ ಎಂದು ತಂಬಿಗೆ ನೀರು ತಂದು ಕೊಟ್ಟಳು.

"ಅಳಬ್ಯಾಡ್ರಿ ಯಪ್ಪಾ. ನಮಗ ಓಟು ಇದ್ದಿದ್ರ ಎಲ್ಲಾ ನಿಮಗs ಕೊಡ್ತಿದ್ವಿ."

ಅವತ್ತು ಅಲ್ಲಿ ನೆರೆದವರಲ್ಲಿ ಓಟಿದ್ದವರು ಇಬ್ಬರೋ ಮೂವರೋ. ಅವರೂ ಸೀನಿನ ಭಯಕ್ಕೆ ದೂರ ನಿಂತಿದ್ದರು.

ಯಾದಿ

ಓಟುದಾರರ ಯಾದಿಯಲ್ಲಿ ನನ್ನದೂ ಒಂದು ಹೆಸರು ಇರಲೆಂದು ನನಗೆ ಭಾಳ ಆಸೆ. ಯಾವ ಊರಿನ ಯಾವ ಕಾಗದದಲ್ಲೂ ನನ್ನ ಹೆಸರಿರಲಿಲ್ಲ, ಅದಕ್ಕೇ ಇರಬೇಕು. ಹಾವೇರಿ ಕಚೇರಿಗೆ ಹೋಗಿ ಒಬ್ಬ ಕಾರಕೂನರ ಮುಂದೆ ಕೈಕಟ್ಟಿ ನಿಂತೆ. ಹೊಲ ಐತೇನು ಎಂದರು. ಇಲ್ಲವೆಂದೆ. ಸಾಲಿ ಎಷ್ಟು ಕಲಿತಿ ಎಂದರು. ಹೇಳಿದೆ. ಇರೂದೆಲ್ಲಿ ಎಂದರು. ನನಗೇ ಗೊತ್ತಿರಲಿಲ್ಲ.

"ಹಂಗಾದ್ರ ನೀ ಈ ಊರಾಗ ಇದ್ದೀ ಅನ್ನಾಕ ಗುರ್ತೇನು?"

ಇಲ್ಲೇ ನಿಮ್ಮ ಮುಂದೆ ನಿಂತೇನಲ್ಲರಿ ಎಂದೆ.

"ಇವತ್ತು ನಿಂತೀದಿ, ಖರೇ. ನಾಳೆ ನಿಂತಿರ್ತೀಯೇನು?"

ಉತ್ತರ ಯೋಚಿಸುತ್ತ ಹೊರಬಿದ್ದೆ. ಮರುದಿನ ರಾಣೆಬೆನ್ನೂರಿನಲ್ಲಿದ್ದೆ.

ರಾಣೆಬೆನ್ನೂರಿನ ಮರ್ಯಾದೆ

ಅಲ್ಲಿ ಅರಳೆ ವ್ಯಾಪಾರದ ಅಜ್ಜನೊಬ್ಬ ನಮ್ಮ ಚಕ್ಕಡಿ ಹತ್ತಿ, ನಮ್ಮ ಅವಲಕ್ಕಿ ತಿಂದು, ದಾರಿಯುದ್ದಕ್ಕೂ ವಕೀಲರನ್ನು ಹೊಗಳಿದ. ಓಟು ಹಾಕುವ ಸಾಲಿಮನೆಯಿಂದ ಹೊರಬಂದವನೇ ಎದುರಾಳಿಗಳ ಮೋಟಾರು ಹತ್ತಿ ಕುಳಿತ. ಇದೇನ್ರಿ ಅಜ್ಜಾರ ಎಂದು ಕೇಳಿದೆ.

"ಹೆದರಬ್ಯಾಡೋ ತಮ್ಮಾ. ನಿಮ್ಮ ಅವಲಕ್ಕಿ ತಿಂದೇನಿ, ಅವರ ಮೋಟಾರ ಏರೇನಿ. ಯಾರಿಗೂ ಬ್ಯಾಸರ ಆಗಬಾರ್ದಂತ ಓಟು ಯಾರಿಗೂ ಹಾಕದs ಬಂದೇನಿ."

ಆ ಸಲ ವಕೀಲರಿಗೆ ಗೆಲುವು ಸ್ವಲ್ಪದರಲ್ಲಿ ತಪ್ಪಿತು.

ಒಡಪು

ಆಮೇಲೆ ರೈಲಿನ ಹಳಿ ಕೆಲಸ ಮಾಡಿದೆ, ನಾಟಕ ಕಂಪನಿಯಲ್ಲಿ ಪರದೆ ಎಳೆದೆ. ಎಲ್ಲಿದ್ದರೂ ಸಂಜೆಯಾದರೆ ಕರ್ಜಗಿಯ ಮನೆಯ ಒಲೆಯ ಹೊಗೆ ನೆನಪಾಗುತ್ತಿತ್ತು. ಬೆಳಗಾದರೆ ಕಾಲು ಬೇರೆ ದಾರಿ ಹಿಡಿಯುತ್ತಿತ್ತು. ಮಹಾಯುದ್ಧ ಮುಗಿದು ವಕೀಲರು ಎರಡನೇ ಸಲ ನಿಂತಾಗ ನಾನು ಹೆಂಡತಿಯ ಮುಖ ನೋಡಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಅವಳಪ್ಪ ತೀರಿಕೊಂಡು ಹೊಲ ಅವಳ ಹೆಸರಿಗೆ ಬಂದಿತ್ತು. ಹೊಲದ ಬೆನ್ನಿಗೆ ಓಟೂ ಬಂದಿತ್ತು. ಕರ್ಜಗಿಯ ಹೆಣ್ಣುಮಕ್ಕಳನ್ನು ಓಟು ಹಾಕಲು ಹಾವೇರಿ ಸಾಲಿಗೆ ಕರೆತರುವ ಪಾಳಿ ನನ್ನದಾಯಿತು.

ಹೆಂಡತಿ ಚಕ್ಕಡಿ ಹತ್ತಿ ನನಗೆ ಬೆನ್ನು ಮಾಡಿ ಕುಳಿತಳು. ಮಗ್ಗುಲವಳಿಗೆ ಕೇಳುವ ಹಾಗೆ, "ಎತ್ತಿಗರ ದಾರಿ ಗೊತ್ತೈತಿ ಬಿಡವಾ, ಹೊಡಿಯಾಂವಗ ಗೊತ್ತಿದ್ದಂಗಿಲ್ಲ," ಅಂದಳು. ಹಾವೇರಿ ಮುಟ್ಟುವ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ. ಇವಳು ನನ್ನನ್ನು ಬಿಟ್ಟೇಬಿಟ್ಟಳೇನೋ ಅನ್ನಿಸಿತು.

ಸಾಲಿಯಲ್ಲಿ ಪರವೂರಿನ ಒಬ್ಬ ಕಾರಕೂನ ಯಾದಿಗೆ ತಾಳೆ ನೋಡಲು ಗಂಡನ ಹೆಸರು ಕೇಳುತ್ತಿದ್ದ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಂಗೇ ಹೇಳುವುದಿಲ್ಲ. ಪದ ಕಟ್ಟಿ ಒಡಪಿನಲ್ಲಿ ಸೇರಿಸಿ ಹೇಳಬೇಕು. ಮೊದಲನೆಯವಳು ಬಾಯಿ ಬಿಡಲಿಲ್ಲ. ಕಡೆಗೆ ಒಬ್ಬ ಅಜ್ಜಿ ಗಂಟಲು ಸರಿಮಾಡಿಕೊಂಡು ಒಡಪು ಹೇಳಿದ್ದೇ ತಡ, ಒಬ್ಬೊಬ್ಬರೂ ಪೈಪೋಟಿಗೆ ಬಿದ್ದರು. ಸಾಲಿ ಮದುವೆಮನೆಯಾಯಿತು. ಕಾರಕೂನ ಬರೆಯುವುದು ಬಿಟ್ಟು ಕೇಳುತ್ತ ಕುಳಿತ.

ಅವಳ ಪಾಳಿ ಬಂತು. ನಾನು ಕಿಟಕಿಗೆ ಕಿವಿ ಹಚ್ಚಿದೆ. ಹೇಳುತ್ತಾಳೋ, ಗಂಡ ಇಲ್ಲ ಅಂದುಬಿಡುತ್ತಾಳೋ.

"ಕರ್ಜಗಿ ದಾಟಿದ ವರದಾ ಗಳಗನಾಥದಾಗ ದೊಡ್ಡ ಹೊಳಿ ಕೂಡತಾಳ,
ಊರೂರು ತಿರುಗೊ ನಮ್ಮ ಫಕೀರಪ್ಪನೋರು ಯಾವಾಗ ಮನಿ ಕೂಡತಾರ?"

ಕಾರಕೂನ ಯಾದಿಯ ಮೇಲೆ ಬೆರಳಿಟ್ಟು ಓದಿದ: ಗಂಡ, ಫಕೀರಪ್ಪ. ನನ್ನ ಹೆಸರು ಯಾದಿಯಲ್ಲಿತ್ತು. ಇಷ್ಟು ದಿನವೂ ಇತ್ತು. ಪಾಪ, ಅವನಿಗೆ ಕನಿಕರ ಬಂದು ಆ ಫಕೀರಪ್ಪ ಈಗ ಎಲ್ಲಿದ್ದಾನೆ ಎಂದು ಕೇಳಿದ.

"ಕಿಟಕ್ಯಾಗ ನಿಂತಾರ್ರಿ," ಅಂದಳು.

ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ನಾನು ಎತ್ತಿನ ಹಿಂದೆ ಅಡಗಿದ್ದೆ.

ತಿರುಗಿ ಬರುವಾಗ, ಓಟು ಯಾರಿಗೆ ಹಾಕಿದಿ ಎಂದು ಮೆಲ್ಲಗೆ ಕೇಳಿದೆ. "ಎರಡು ವರ್ಷ ಎಲ್ಲಿದ್ರಿ ಅಂತ ನಾ ಕೇಳೇನೇನು?" ಅಂದಳು. ಅವಳನ್ನು ಮನೆ ಮುಂದೆ ಇಳಿಸಿ, ಇನ್ನೊಂದು ಚಕ್ಕಡಿ ಹೆಣ್ಣುಮಕ್ಕಳು ಓಣಿಯ ತುದಿಯಲ್ಲಿ ಕಾಯುತ್ತಿದ್ದಾರೆ, ಬರ್ತೇನಿ ಎಂದೆ. ಅವಳು ನೊಗಕ್ಕೆ ಕೈ ಇಟ್ಟಳು.

"ಎತ್ತು ಬಿಡ್ರಿ."

ಬಿಟ್ಟೆ.

ವಕೀಲರು ಸೋತರು. ಒಂದು ಚಕ್ಕಡಿ ಓಟು ಎಲ್ಲಿ ಹೋಯಿತೆಂದು ಅವರ ಮಂದಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲಾ ನನ್ನನ್ನು ಹುಡುಕಿದರಂತೆ. ಕರ್ಜಗಿಯ ನಮ್ಮ ಮನೆಗೆ ಮಾತ್ರ ಬರಲಿಲ್ಲ. ಎಲ್ಲಿ ಸಿಕ್ಕರೂ ಸಿಕ್ಕಾನು, ಮನೆಯಲ್ಲಿ ಸಿಗುವ ಗಿರಾಕಿಯಲ್ಲ ಎಂದು ಎಲ್ಲರಿಗೂ ಖಾತ್ರಿಯಿತ್ತು.