ಮೂವತ್ತರ ಮೇಲೆ ನಾಲ್ಕು

ಕುಡಿಯದವನ ಮನೆಯಲ್ಲಿರುವ ಒಂದು ಬಾಟಲಿ ಕುಡಿಯುವವನ ಮನೆಯ ಹತ್ತು ಬಾಟಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಸ್ಕತ್ತಿನ ಪೈಪ್‌ಲೈನ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ವಾಲ್ವುಗಳ ಚಿತ್ರ ಬರೆದ ಡ್ರಾಫ್ಟ್ಸ್‌ಮನ್ ನಾನು. ನಮ್ಮ ಸ್ಕಾಟ್ಲೆಂಡಿನ ಸಾಹೇಬರು ನಿವೃತ್ತರಾಗಿ ಊರಿಗೆ ಹೊರಟಾಗ, ನಾನು ಸಂಧ್ಯಾವಂದನೆ ಮಾಡುವವನೆಂದು ತಿಳಿಯದೆ, ಮೂವತ್ತು ವರ್ಷ ಹಳೆಯ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಕೈಗಿಟ್ಟು ಬೆನ್ನು ತಟ್ಟಿದರು. ಬೇಡ ಎನ್ನುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಅಲ್ ಗುಬ್ರಾದ ನಮ್ಮ ಫ್ಲ್ಯಾಟಿಗೆ ತಂದರೆ, ಹುಬ್ಬಳ್ಳಿಯವಳಾದ ನನ್ನ ಹೆಂಡತಿ, "ದೇವರ ಕಡೆ ಮುಖ ಮಾಡಿ ಇಡಬ್ಯಾಡ್ರಿ ಇದನ್ನ" ಎಂದಷ್ಟೇ ಹೇಳಿ, ಬಚ್ಚಲಮನೆಯ ಅಟ್ಟದಲ್ಲಿ ಹಳೆಯ ಸೂಟ್‌ಕೇಸಿನ ಹಿಂದೆ ಜಾಗ ತೋರಿಸಿದಳು.

ಬಾಟಲಿಯ ಡಬ್ಬಿಯೊಳಗೆ ಒಂದು ಪುಸ್ತಿಕೆ ಇತ್ತು. ಪ್ರತಿ ದೀಪಾವಳಿಗೆ ಅಟ್ಟ ಗುಡಿಸುವಾಗ ಅದನ್ನು ಓದುತ್ತಿದ್ದೆ. ಹಳ್ಳದ ದಂಡೆಯ ಕಲ್ಲಿನ ಭಟ್ಟಿಮನೆ, ತಾಮ್ರದ ಹಂಡೆಗಳು, ಆರು ತಲೆಮಾರಿನ ಯಜಮಾನರು, ಕತ್ತಲೆಯ ಉಗ್ರಾಣದಲ್ಲಿ ಓಕ್ ಪೀಪಾಯಿಗಳೊಳಗೆ ಮಲಗಿದ ಮದ್ಯ. ವರ್ಷವರ್ಷವೂ ಅದರಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದಂತೆ. ಅದು ದೇವದೂತರ ಪಾಲಂತೆ. ನಮ್ಮ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುವ ನಾನು ಆ ಭಟ್ಟಿ ಕಟ್ಟಿದವನ ಅಳಿಯನ ಹೆಸರನ್ನು ಥಟ್ಟನೆ ಹೇಳಬಲ್ಲವನಾದೆ. ನಮ್ಮಜ್ಜಿಯ ಭರಣಿಯ ನಿಂಬೆ ಉಪ್ಪಿನಕಾಯಿ ವರ್ಷ ಕಳೆದಷ್ಟೂ ಕಪ್ಪಾಗಿ ಕಡೆಗೆ ಔಷಧಿಯೇ ಆಗುತ್ತಿತ್ತಲ್ಲ, ಇದೂ ಹಾಗೇ ಎಂದುಕೊಂಡು, ಡಬ್ಬಿಯ ಮೇಲಿನ ಮೂವತ್ತರ ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ದೀಪಾವಳಿಗೊಂದರಂತೆ ಬರೆಯುತ್ತ ಬಂದೆ: ೩೧, ೩೨, ೩೩, ೩೪.

ಅಷ್ಟರಲ್ಲಿ ಕಚ್ಚಾ ತೈಲದ ಬೆಲೆ ಬಿತ್ತು. ಆಫೀಸಿನಲ್ಲಿ ಮೊದಲು ಚಹಾದ ಜೊತೆಗಿನ ಬಿಸ್ಕತ್ತು ಹೋಯಿತು, ಆಮೇಲೆ ಚಹಾ, ಆಮೇಲೆ ಚಹಾ ಕುಡಿಯುವವರು. ಯಾರು ಹೋಗಬೇಕೆಂಬ ಪಟ್ಟಿ ಬರೆಯುತ್ತಿದ್ದವರು ನಮ್ಮ ಮ್ಯಾನೇಜರ್, ಉಡುಪಿ ಕಡೆಯ ಶೆಟ್ಟರು. ವಿಸ್ಕಿಯ ಮರ್ಮ ಬಲ್ಲವರೆಂದು ಖ್ಯಾತಿ. ನನ್ನ ಮಗಳು ಹತ್ತನೆಯ ತರಗತಿಯ ನಡುವೆ ಇದ್ದಳು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಶಾಲೆಯೂ ಹೋಗುತ್ತದೆ. ಲಂಚ ಎಂಬ ಪದವನ್ನು ಮನಸ್ಸಿನಲ್ಲೂ ಉಚ್ಚರಿಸದೆ, ಒಂದು ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಅಕ್ಕಿಚೀಲದಲ್ಲಿ ಸುತ್ತಿಕೊಂಡು ಅಲ್ ಖೌದಿನ ಅವರ ಮನೆಗೆ ಕಾರಿನಲ್ಲಿ ಹೊರಟೆ. ನನ್ನ ಬಳಿ ಮದ್ಯದ ಪರ್ಮಿಟ್ ಇರಲಿಲ್ಲ. ಪೊಲೀಸ್ ಗಾಡಿ ಕಂಡಲ್ಲೆಲ್ಲ ಗಾಯತ್ರಿ ಜಪಿಸಿದೆ.

ಶೆಟ್ಟರು ಡಬ್ಬಿಯನ್ನು ತಿರುಗಿಸಿ ನೋಡಿದರು. "ಇದೆಂತದು ಕುಲ್ಕರ್ಣಿಯವ್ರೆ, ಮೂವತ್ನಾಲ್ಕು?"

"ನಮ್ಮನ್ಯಾಗ ನಾಕು ವರ್ಷ ಇತ್ತಲ್ರೀ ಸರ್, ಅದನ್ನೂ ಕೂಡಿಸೀನಿ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪೀಪಾಯಿಯಲ್ಲಿದ್ರೆ ಮಾತ್ರ ಅದಕ್ಕೆ ವಯಸ್ಸು ಮಾರಾಯ್ರೆ. ಬಾಟ್ಲಿಗೆ ಹಾಕಿದ ಮೇಲೆ ನೂರು ವರ್ಷ ಇಟ್ರೂ ಮೂವತ್ತೇ." ಆಮೇಲೆ ನಗು ನಿಲ್ಲಿಸಿ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ತಗೊಂಡು ಹೋಗಿ. ಪಟ್ಟಿ ನಿನ್ನೆಯೇ ಹೋಯ್ತು. ನಿಮ್ಮ ಹೆಸರು ನಾನೇ ಬರೆದದ್ದು. ಇದು ನನ್ನ ಗಂಟಲಲ್ಲಿ ಇಳಿಯುದಿಲ್ಲ."

"ಇಪ್ಪತ್ತೆರಡು ವರ್ಷದ ಸರ್ವಿಸ್ ಐತ್ರೀ ಸರ್."

"ಗೊತ್ತುಂಟು. ನನ್ನದು ಹದಿನೆಂಟು. ನಾನು ಮುಂದಿನ ಪಟ್ಟಿಯಲ್ಲಿ."

ಮನೆಗೆ ಬಂದು, ಬಾಟಲಿಯನ್ನು ಅಟ್ಟಕ್ಕೇರಿಸಿ, ಅದೇ ಬಾಲ್‌ಪೆನ್ನಿನಿಂದ ಬಯೋಡೇಟಾ ಬರೆಯಲು ಕುಳಿತೆ. ಅನುಭವ: ಇಪ್ಪತ್ತೆರಡು ವರ್ಷ. ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು. "ಬಂದಾಗಿಂದ ಅದೇ ವಾಲ್ವಿನ ಚಿತ್ರಾನ ತಗದೀರಲ್ರೀ. ಇದೂ ಬಾಟ್ಲಿಯೊಳಗಿನ ವರ್ಷಾನ ಏನು?"

ಪ್ರಾಮಾಣಿಕವಾಗಿ ಯೋಚಿಸಿದೆ. ನಾನು ಏನಾದರೂ ಕಲಿತದ್ದು ಮೊದಲ ಮೂರು ವರ್ಷಗಳಲ್ಲಿ. ಉಳಿದ ಹತ್ತೊಂಬತ್ತು ವರ್ಷ ಮುಚ್ಚಳ ಬಿಗಿದುಕೊಂಡು ಎ.ಸಿ.ಯಲ್ಲಿ ಕುಳಿತಿದ್ದೆ. ಸತ್ಯ ತಿಳಿದ ಮೇಲೆ ತಿದ್ದಲೇಬೇಕಲ್ಲ, ತಿದ್ದಿದೆ. ನೋಟಿಸಿನ ಅವಧಿ ಮುಗಿಯುವಷ್ಟರಲ್ಲಿ ಹೇಗೂ ಇನ್ನೊಂದು ದೀಪಾವಳಿ ಬರುತ್ತದೆ. ಇಪ್ಪತ್ಮೂರು ಎಂದು ಬರೆದೆ.