ಬಾಯ್ಲರ್ ಆರಿಸಿ ಕಂಡ ಹಿಮನಾಡು

ಲಾಕ್‌ಡೌನ್ ಕಾಲದಲ್ಲಿ ಐರ್ಲೆಂಡಿನ ನಾವು ಏಳೆಂಟು ಕನ್ನಡ ಕುಟುಂಬಗಳು ಶನಿವಾರ ಸಂಜೆ ಆನ್‌ಲೈನಿನಲ್ಲಿ ಒಟ್ಟಿಗೆ ಸಿನಿಮಾ ನೋಡುತ್ತಿದ್ದೆವು. ಆ ಕೂಟದ ಅಧ್ಯಕ್ಷ ನಾನು. ನನ್ನನ್ನು ಯಾರೂ ಆರಿಸಿರಲಿಲ್ಲ. ಯಾರೂ ಬೇಡವೆಂದಿರಲೂ ಇಲ್ಲ. ಆ ವಾರ ನಾನು ಗೊತ್ತುಮಾಡಿದ್ದು ಉತ್ತರ ಕೆನಡಾದ ಮೂಲೆಯ ಇನುಯಿಟ್ ಎಂಬ ಹಿಮನಾಡಿನ ಮೂಲನಿವಾಸಿಗಳ ಹಳ್ಳಿಯೊಂದರ ಕೌಟುಂಬಿಕ ಚಿತ್ರ. ಅದನ್ನು ನಾನು ನೋಡಿರಲಿಲ್ಲ. ಆದರೆ ‘ಹಿಮ ಮತ್ತು ಮಾನವ’ ಎಂಬ ಭಾಷಣ ಸಿದ್ಧವಾಗಿತ್ತು!

ಚಳಿಯನ್ನು ಅನುಭವಿಸದೆ ಚಳಿಯ ಬಗ್ಗೆ ಮಾತಾಡುವುದು ಅಪ್ರಾಮಾಣಿಕತೆ ಅನ್ನಿಸಿತು. ಹೆಂಡತಿ ಸುಧಾ ಡಾಕ್ಟರು, ಆಸ್ಪತ್ರೆಗೆ ಹೋಗಿದ್ದಳು. ಜನವರಿ ತಿಂಗಳು. ಮೇನೂತ್ ಎಂಬ ಊರಿನ ನಮ್ಮ ಮನೆಯನ್ನು ಬೆಚ್ಚಗಿಡುವ ಬಾಯ್ಲರನ್ನು ಗಾಂಭೀರ್ಯದಿಂದ ಆರಿಸಿದೆ.

ಮಗಳು ಇರಾ ಜಾಕೆಟ್ ಹಾಕಿಕೊಂಡು ಬಂದಳು. “ಡ್ಯಾಡ್, ಆರ್ ಯು ಗ್ರ್ಯಾಂಡ್?” ಎಂದು ಐರಿಶ್ ಧಾಟಿಯಲ್ಲಿ ನನ್ನ ಕ್ಷೇಮ ವಿಚಾರಿಸಿದಳು.

“ಇದು ಕಲೆಗೋಸ್ಕರ ಕಣಮ್ಮ.”

ಮಧ್ಯಾಹ್ನದ ಹೊತ್ತಿಗೆ ಕಲೆ ಸಾಕಾಯಿತು. ಗುಂಡಿ ಒತ್ತಿದೆ. ಬಾಯ್ಲರ್ ಕೆಮ್ಮಿತು. ಮತ್ತೆ ಒತ್ತಿದೆ. ಕೆಂಪು ದೀಪ ಬಂತು. ರೇಗಿ ಮತ್ತೆ ಮತ್ತೆ ಒತ್ತಿದೆ. ದೀಪವೂ ಹೋಯಿತು!

ಫೋನ್ ಮಾಡಿದರೆ ರಿಪೇರಿಯವನು ಸೋಮವಾರ ಬರುತ್ತೇನೆಂದ. ಕೆಟ್ಟದ್ದು ಹೇಗೆ ಎಂದು ಕೇಳಿದ. ಸಿನಿಮಾಕ್ಕಾಗಿ ಆರಿಸಿದ್ದೆ ಎಂದೆ. ಇನ್ನೊಮ್ಮೆ ಹೇಳಿ ಎಂದ.

ಆ ದಿನಗಳಲ್ಲಿ ಸುಧಾ ಮನೆಗೆ ಬಂದವಳೇ ಯಾರನ್ನೂ ಮುಟ್ಟದೆ ಸೀದಾ ಸ್ನಾನಕ್ಕೆ ಹೋಗುತ್ತಿದ್ದಳು. ಅಂದೂ ಹೋದಳು. ಸ್ನಾನದ ನೀರು ಕಾಯಿಸುವುದೂ ಅದೇ ಬಾಯ್ಲರ್. ಚೀರಿದಳು.

“ರೀ! ನೀರು ಐಸ್ ಥರ ಇದೆ! ಬೆಳಗ್ಗಿಂದ ಮಾಸ್ಕ್ ಹಾಕ್ಕೊಂಡು ನಿಂತು ನಿಂತು ಸಾಕಾಗಿ ಬಂದಿದೀನಿ ಕಣ್ರೀ!”

ಬಾಗಿಲ ಸಂದಿಯಲ್ಲಿ ಇಣುಕಿದ ಮುಖದ ಮೇಲೆ ಮಾಸ್ಕಿನ ಗೆರೆ ಇನ್ನೂ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಕೆಟಲಿನಲ್ಲಿ ನೀರು ಕಾಯಿಸಿ ಕಾಯಿಸಿ ಮಹಡಿಗೆ ಹೊತ್ತೆ.

ಸಂಜೆ ಎರಡು ಜಾಕೆಟ್, ಉಣ್ಣೆ ಟೋಪಿ, ಮೇಲೊಂದು ರಜಾಯಿಯೊಂದಿಗೆ ಕ್ಯಾಮೆರಾ ಮುಂದೆ ಕೂತೆ.

“ಗೆಟಪ್ ಸೂಪರ್ ಗುರು!” ಎಂದ ಕಾರ್ಕ್ ನಗರದಲ್ಲಿರುವ ಗೆಳೆಯ ಮೋಹನ.

“ಮಾ-ಮಾ-ಮಾನ್ಯರೇ,” ಎಂದೆ. ಹಲ್ಲು ಕಟಕಟನೆ ಕುಟ್ಟಿಕೊಂಡು ಭಾಷಣ ಅಲ್ಲಿಗೇ ಮುಗಿಯಿತು.

ಚಿತ್ರ ಶುರುವಾಯಿತು. ಬಿಳಿ ಬಯಲು, ಬಿರುಗಾಳಿ. ಮನೆಯೊಂದರ ಬಾಗಿಲು ತೆರೆಯಿತು. ಒಳಗೆ ಇಡೀ ಸಂಸಾರ ಅರ್ಧ ತೋಳಿನ ಟೀ ಶರ್ಟ್ ತೊಟ್ಟು ಟೀವಿ ನೋಡುತ್ತಿತ್ತು! ಅಜ್ಜಿಯಂತೂ ಸೆಖೆಯೆಂದು ಕಿಟಕಿ ತೆಗೆಸಿದಳು.

“ಡ್ಯಾಡ್, ದೇ ಹ್ಯಾವ್ ಹೀಟಿಂಗ್,” ಎಂದಳು ಇರಾ.

ಚಿತ್ರದಲ್ಲಿ, ಓದಲು ದೂರದ ಊರಿಗೆ ಹೊರಟ ಮಗಳ ಜೊತೆ ಅಪ್ಪ ಮಾತು ಬಿಟ್ಟಿದ್ದ. ಕಡೆಗೆ ಅವಳ ಚೀಲ ಹೊತ್ತು ವಿಮಾನದ ಬಳಿ ಬಂದು ನಿಂತ. ನೋಡುತ್ತಿದ್ದವರೆಲ್ಲ ಅತ್ತರು. ಸುಧಾಳೂ ಇರಾಳನ್ನು ಅಪ್ಪಿಕೊಂಡು ಅತ್ತಳು. ನಾನು ಮಾತ್ರ ಆ ಮನೆಯ ಹೀಟರನ್ನು ನೆನೆದು ಮರುಗುತ್ತಿದ್ದೆ.

“ಅಧ್ಯಕ್ಷರೇ, ಈ ಚಿತ್ರದ ಸಂದೇಶ ಏನು ಹೇಳಿ?” ಕೇಳಿದರು ನಮ್ಮೆಲ್ಲರಿಗಿಂತ ಹಿರಿಯರಾದ ಪದ್ಮಮ್ಮನವರು.

ಬಾಯಿ ತೆರೆದೆ. ಸೀನು ಬಂತು. ಒಂದಲ್ಲ, ಸರಮಾಲೆ! ಕಾಲ ಅಂಥದ್ದು. ಯಾವ್ಯಾವುದೋ ಊರಿನಲ್ಲಿದ್ದವರೆಲ್ಲ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಪದ್ಮಮ್ಮನವರು ಮಾಸ್ಕೇ ಹಾಕಿಕೊಂಡರು!

ಸುಧಾ ನನ್ನನ್ನು ಮೂಲೆಯ ಕೋಣೆಗೆ ತಳ್ಳಿ ಬಾಗಿಲು ಹಾಕಿದಳು. ಮನೆಯಲ್ಲಿದ್ದ ಒಂದೇ ಪುಟ್ಟ ಕರೆಂಟ್ ಹೀಟರ್ ತಾಯಿ-ಮಗಳ ಪಾಲಾಯಿತು. ಮರುದಿನ ನನಗೆ ಕೊರೊನಾ ಟೆಸ್ಟ್. ರಿಪೋರ್ಟ್ ನೆಗೆಟಿವ್. ನನ್ನ ಬುದ್ಧಿಯ ಬಗ್ಗೆ ಮಾತ್ರ ಡಾಕ್ಟರಮ್ಮನಿಗೆ ಯಾವ ಟೆಸ್ಟೂ ಬೇಕಾಗಲಿಲ್ಲ!